ಬಾದಾಮಿ ಕೆರೆ ಸುತ್ತ ನೋಡೋಕೆ ಒಂದೂವರೆ ದಿನ ಇದೆ, ಅಮ್ಮನಿಗೆ ಮಂಡಿ ನೋವು. ಏನು ನೋಡಲಿ, ಏನು ಬಿಡಲಿ?

ಗೀತಾ_ಗಿರಿನಗರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೊದಲ ವಾರ ಬಾದಾಮಿಗೆ ಹೊರಟಿದ್ದೇವೆ. ನಾನು, ನಮ್ಮೆಜಮಾನ್ರು, ಆರನೇ ಕ್ಲಾಸಿನ ಮಗ, ಜೊತೆಗೆ ನಮ್ಮಮ್ಮ. ಅಮ್ಮನಿಗೆ 68 ವರ್ಷ, ಎರಡೂ ಮಂಡಿ ನೋವು. ಸಮತಟ್ಟಾದ ಕಡೆ ಚೆನ್ನಾಗಿ ನಡೆಯುತ್ತಾರೆ, ಮೆಟ್ಟಿಲು ಅಂದರೆ ಮುಖ ಸಣ್ಣಗಾಗುತ್ತದೆ. ಆದರೆ ಹೋಗೋಣ ಅಂತ ಹಟ ಹಿಡಿದವರೇ ಅವರು. ಶಾಲೆಯಲ್ಲಿ ಓದಿದ ಪುಲಕೇಶಿಯ ಊರು ಇನ್ನೂ ನೋಡಿಲ್ಲವಂತೆ.

ರೈಲಲ್ಲಿ ಶನಿವಾರ ಬೆಳಗ್ಗೆ ಇಳಿಯುತ್ತೇವೆ, ಭಾನುವಾರ ಮಧ್ಯಾಹ್ನದ ಮೇಲೆ ವಾಪಸ್. ಆಫೀಸಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ಮಾತು: "ಗುಹೆಗೆ ಎರಡು ಗಂಟೆ ಸಾಕು, ಆಮೇಲೆ ಪಟ್ಟದಕಲ್ಲು, ಐಹೊಳೆ ಮುಗಿಸಿಬಿಡಿ." ನನಗೆ ಫೋಟೋಗಳಲ್ಲಿ ಕಾಣುವ ಆ ಕೆರೆ ಮೇಲೇ ಕಣ್ಣು. ಕೆರೆ ಸುತ್ತ ಏನಿದೆ? ಅಮ್ಮ ಎಲ್ಲಿವರೆಗೆ ಬರಬಹುದು? ಹೋಗಿ ಬಂದವರು ದಯವಿಟ್ಟು ಹೇಳಿ.

ಬ್ಯಾಕ್‌ಪ್ಯಾಕ್_ಭಟ್ಟ

ನಿಮ್ಮ ಆಫೀಸಿನವರು ಹೇಳಿದ್ದು ಸರಿಯಾಗೇ ಇದೆ ಮೇಡಂ. ನಾನು ಎರಡು ಸಲ ಹೋಗಿದ್ದೇನೆ. ಬೆಳಗ್ಗೆ ಬೇಗ ಗುಹೆ, ಹತ್ತೂವರೆಗೆ ಪಟ್ಟದಕಲ್ಲು, ಊಟ ಆದ ಮೇಲೆ ಐಹೊಳೆ. ಪಟ್ಟದಕಲ್ಲು 22 ಕಿ.ಮೀ., ಯುನೆಸ್ಕೋ ಪಟ್ಟಿಗೆ 1987ರಲ್ಲೇ ಸೇರಿದ ಜಾಗ. ಅದನ್ನು ಬಿಟ್ಟು ಕೆರೆ ಸುತ್ತುತ್ತೇನೆ ಅಂದರೆ ಹೇಗೆ? ಕೆರೆ ಅಂದರೆ ಹಸಿರು ನೀರು, ಅಷ್ಟೇ. ಗುಹೆ ಮೇಲಿಂದ ಒಂದು ಫೋಟೋ ತೆಗೆದರೆ ಕೆರೆ ನೋಡಿದ ಹಾಗೇ ಆಯಿತು. ಪುಲಕೇಶಿ ಕೊರೆಸಿದ ಗುಹೆಗಳನ್ನು ನೋಡಿ ಸಾಕು.

ಕೆರೆದಂಡೆ

ಭಟ್ರೇ, ನಮ್ಮ ಕೆರೆಯನ್ನು ಹೀಗೆ ಒಂದು ಫೋಟೋದಲ್ಲಿ ಮುಗಿಸಿಬಿಟ್ರಲ್ರೀ! ನಾನು ಬಾದಾಮಿಯವನು. ಈಗ ಕೆಲಸಕ್ಕೆ ಪುಣೆಯಲ್ಲಿದ್ದೇನೆ, ಮನೆ ಮಾತ್ರ ಅಲ್ಲೇ. ಗೀತಕ್ಕಾ, ನಾನು ಹೇಳುವುದನ್ನು ಒಂಚೂರು ಕೇಳಿ.

ಮೊದಲು ಊರು ಹೇಗೆ ಕೂತಿದೆ ನೋಡಿ. ಕೆಂಪು ಮರಳುಗಲ್ಲಿನ ಗುಡ್ಡಗಳು ಕುದುರೆ ಲಾಳದ ಹಾಗೆ ಬಾಗಿವೆ. ಲಾಳದ ಬಾಯಿ ಪಡುವಣಕ್ಕೆ. ಆ ಬಾಯಿಗೆ ಒಡ್ಡು ಹಾಕಿದ್ದಾರೆ, ಒಳಗೆ ನಿಂತ ನೀರೇ ಅಗಸ್ತ್ಯ ತೀರ್ಥ. ಒಡ್ಡಿನ ಆಚೆ ಊರು. ತೆಂಕಣ ಗುಡ್ಡದಲ್ಲಿ ನಾಲ್ಕು ಗುಹೆ. ಬಡಗಣ ಗುಡ್ಡದ ಬುಡದಲ್ಲಿ ಮ್ಯೂಸಿಯಂ, ಅದರ ಮೇಲೆ ಕೋಟೆ ಮತ್ತು ಶಿವಾಲಯಗಳು. ಮೂಡಣ ತುದಿಯಲ್ಲಿ, ನೀರಿನ ಅಂಚಿಗೇ ಭೂತನಾಥ ಗುಡಿ. ಕೆರೆ ನಡುವೆ, ಉಳಿದದ್ದೆಲ್ಲ ಅದರ ಸುತ್ತ.

ಮಲಪ್ರಭಾ ಹೊಳೆ ಸ್ವಲ್ಪ ದೂರದಲ್ಲೇ ಹರಿಯುತ್ತದೆ. ಆದರೂ ಚಾಲುಕ್ಯರು ರಾಜಧಾನಿಗೆ ಹೊಳೆ ದಂಡೆ ಹಿಡಿಯಲಿಲ್ಲ, ಈ ಗುಡ್ಡದ ಸಂದು ಹಿಡಿದರು. ಯಾಕೆ ಅಂದರೆ ಮೂರು ಕಡೆ ಬಂಡೆಯ ಗೋಡೆ ಪುಕ್ಕಟೆ. ಬಂಡೆ ಮೇಲೆ ಬಿದ್ದ ಮಳೆ ನೀರು ಹೀರುವುದಿಲ್ಲ, ಎಲ್ಲ ಕೆಳಗೇ ಇಳಿದು ಬರುತ್ತದೆ. ಒಂದು ಕಡೆ ಒಡ್ಡು ಹಾಕಿದರೆ ನೀರೂ ಆಯಿತು, ಕೋಟೆಯೂ ಆಯಿತು. ಇದನ್ನು ಗುಹೆ ಮೇಲಿಂದ ಎರಡು ನಿಮಿಷ ನೋಡಿದರೆ ಗೊತ್ತಾಗಲ್ಲ. ಕೆರೆ ದಂಡೆಯಲ್ಲಿ ನಡೆಯಬೇಕು.

ಅಮ್ಮನಿಗೆ ಅನುಕೂಲ ಏನಂದರೆ, ಮ್ಯೂಸಿಯಂನಿಂದ ಭೂತನಾಥ ಗುಡಿಯವರೆಗೆ ದಾರಿ ಹೆಚ್ಚೂಕಡಿಮೆ ಸಮತಟ್ಟು. ನೀರಿನ ಪಕ್ಕದಲ್ಲೇ ಹೋಗುತ್ತದೆ. ನಿಧಾನಕ್ಕೆ ನಡೆದರೂ ಹದಿನೈದು ಇಪ್ಪತ್ತು ನಿಮಿಷ. ಓಣಿ ಇಕ್ಕಟ್ಟು, ಕಾರು ಕಷ್ಟ. ಆಟೋ ಮ್ಯೂಸಿಯಂ ಹತ್ತಿರದವರೆಗೆ ಬರುತ್ತದೆ.

ಶಾಸನಹುಚ್ಚ

ಭಟ್ಟರ ಕೊನೆಯ ಸಾಲಿಗೆ ಒಂದು ತಿದ್ದುಪಡಿ. ಗುಹೆಗಳನ್ನು "ಪುಲಕೇಶಿ ಕೊರೆಸಿದ" ಅನ್ನುವುದು ಎಲ್ಲರ ಬಾಯಲ್ಲೂ ಬರುತ್ತದೆ. ಮೊದಲನೇ ಪುಲಕೇಶಿ ಮಾಡಿದ್ದು ಕೋಟೆ. ಶಕ ವರ್ಷ 465, ಅಂದರೆ ಕ್ರಿ.ಶ. 543ರಲ್ಲಿ ವಾತಾಪಿಯ, ಅಂದರೆ ಇದೇ ಬಾದಾಮಿಯ, ಗುಡ್ಡವನ್ನು ಮೇಲೆ ಕೆಳಗೆ ಎರಡೂ ಕಡೆಯಿಂದ ಗೆಲ್ಲಲಾಗದ ಕೋಟೆ ಮಾಡಿದ ಅಂತ ಬಂಡೆ ಮೇಲೆ ಬರೆಸಿದ್ದಾನೆ. ಕೆರೆದಂಡೆಯವರು ಹೇಳಿದ ಬಂಡೆ ಲೆಕ್ಕಾಚಾರವೇ ಅದು.

ಮೂರನೇ ಗುಹೆ ಅವನ ಮಗ ಮಂಗಲೇಶನದು. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ಮಾಡಿಸಿದ್ದು. 578ರ ಕಾರ್ತಿಕ ಹುಣ್ಣಿಮೆ ಅಂತ ತಾರೀಕು ಸಮೇತ ಸಂಸ್ಕೃತ ಶಾಸನ ಇದೆ. ಇಷ್ಟು ಹಳೆಯ ಗುಹೆಗೆ ಇಷ್ಟು ಖಚಿತ ತಾರೀಕು ಸಿಗುವುದು ಅಪರೂಪ. ನಾವು ಪುಲಕೇಶಿ ಅಂತ ಹೆಮ್ಮೆಪಡುವ ಇಮ್ಮಡಿ ಪುಲಕೇಶಿ ಕೀರ್ತಿವರ್ಮನ ಮಗ. ಮುಂದೆ ಇದೇ ಚಿಕ್ಕಪ್ಪನ ಮೇಲೆ ಜಗಳಕ್ಕೆ ನಿಂತು ಗದ್ದುಗೆ ಹಿಡಿದ. ಮನೆ ಮನೆಯ ಕತೆ ಬಿಡಿ.

ಈಗ ನನ್ನ ಹುಚ್ಚಿಗೆ ಬರುತ್ತೇನೆ. ಅದೇ ಗುಹೆಯ ಹೊರಗೆ ಮಂಗಲೇಶನ ಕನ್ನಡ ಶಾಸನವೂ ಇದೆ. ಅದರಲ್ಲಿ ಗುಹೆಯನ್ನು ಏನಂತ ಕರೆದಿದ್ದಾರೆ ಗೊತ್ತಾ? "ಕಲ್ಮನೆ". ಕಲ್ಲಿನ ಮನೆ! ಈ ಕಲ್ಮನೆಗೆ ಲಂಜಿಗೇಸರ ಅನ್ನುವ ಹಳ್ಳಿಯನ್ನು ಕೊಟ್ಟದ್ದು, ದೇವರಿಗೆ ಹೂ ಕಟ್ಟುವ ಮಾಲೆಗಾರರಿಗೆ ಅರ್ಧ ವೀಸ ಅಂತ ಬರೆದಿದೆ. ಕೊನೆಗೆ ಶಾಪ: ಇದನ್ನು ಅಳಿದವನು ಪಂಚಮಹಾಪಾತಕಿ, ಏಳನೆಯ ನರಕದ ಹುಳು ಆಗುತ್ತಾನೆ. ಸಂಸ್ಕೃತದ ಪಕ್ಕ ಈ ಕನ್ನಡ ಎಷ್ಟು ಮನೆ ಮಾತಿನ ಹಾಗಿದೆ ನೋಡಿ. ನಾನು ಮೊದಲ ಸಲ ನೋಡಿದಾಗ ಕಾವಲಿನವರು "ಸರ್ ಮುಂದೆ ನಡೀರಿ" ಅನ್ನುವವರೆಗೂ ಅಲ್ಲೇ ನಿಂತಿದ್ದೆ.

ಸುಮ್ನೆ_ಓದೋಳು

ಏಳನೆಯ ನರಕದ ಹುಳು! ನಮ್ಮ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬೋರ್ಡ್ ಬರೆಸಬೇಕು ಇದನ್ನ.

ಬ್ಯಾಕ್‌ಪ್ಯಾಕ್_ಭಟ್ಟ

ಶಾಸನದ ವಿಷಯದಲ್ಲಿ ಶರಣು, ಒಪ್ಪಿದೆ. ಆದರೆ ಹೊರಗಿನವರಿಗೆ ಇದೆಲ್ಲ ಯಾರು ತೋರಿಸಬೇಕು? ನನಗೆ ಸಿಕ್ಕ ಗೈಡ್ "ಬಾದಾಮಿ ಬಣ್ಣದ ಕಲ್ಲು, ಅದಕ್ಕೇ ಬಾದಾಮಿ" ಅಂತ ಹೇಳಿ ಕಳಿಸಿದ.

ಶಾಸನಹುಚ್ಚ

ಕಲ್ಲಿನ ಬಣ್ಣ ಹಾಗೇ ಇದೆ, ಕತೆಯೂ ಚೆನ್ನಾಗಿದೆ. ಆದರೆ ಹಳೆಯ ಕನ್ನಡ ಶಾಸನಗಳಲ್ಲಿ ಊರಿನ ಹೆಸರು "ಬಾದಾವಿ". ಅದೇ ಬಾದಾಮಿ ಆಯಿತು. ಡ್ರೈ ಫ್ರೂಟ್‌ಗೂ ಇದಕ್ಕೂ ಸಂಬಂಧ ಇಲ್ಲ.

ವಾತಾಪಿ ಅಂದ ಕೂಡಲೇ ಇನ್ನೊಂದು ಕತೆ ಎಲ್ಲರಿಗೂ ಗೊತ್ತು. ಇಲ್ವಲ, ವಾತಾಪಿ ಅಣ್ಣತಮ್ಮಂದಿರು ಬಂದ ಅತಿಥಿಗಳನ್ನು ಊಟದ ನೆಪದಲ್ಲಿ ಕೊಲ್ಲುತ್ತಿದ್ದದ್ದು, ಅಗಸ್ತ್ಯರು ಹೊಟ್ಟೆ ಸವರಿಕೊಂಡು "ವಾತಾಪಿ ಜೀರ್ಣೋ ಭವ" ಅಂದದ್ದು. ಕೂಸಿಗೆ ಹಾಲು ಕುಡಿಸಿ ಹೊಟ್ಟೆ ಸವರುವಾಗ ನಮ್ಮಜ್ಜಿ ಇದನ್ನೇ ಅನ್ನುತ್ತಿದ್ದರು. ಕೆರೆಗೆ ಅಗಸ್ತ್ಯರ ಹೆಸರು ಅದೇ ಕತೆಯಿಂದ.

ಗೀತಾ_ಗಿರಿನಗರ

ಅಯ್ಯೋ, ನಮ್ಮಮ್ಮ ಈಗಲೂ ಅನ್ನುತ್ತಾರೆ! ಹಬ್ಬದ ಊಟ ಜಾಸ್ತಿ ಆದಾಗ ತಮ್ಮ ಹೊಟ್ಟೆಗೇ.

ಕೆರೆದಂಡೆ ಅವರೇ, ತುಂಬಾ ಥ್ಯಾಂಕ್ಸ್. ಹಾಗಾದರೆ ಗುಹೆ ಅಮ್ಮನಿಗೆ ಆಗುವುದೇ ಇಲ್ವಾ? ಭೂತನಾಥ ಗುಡಿಗೆ ಯಾವ ಹೊತ್ತು ಒಳ್ಳೇದು?

ಕೆರೆದಂಡೆ

ಆಗುತ್ತದೆ, ಸ್ವಲ್ಪ ಲೆಕ್ಕ ಹಾಕಿ ಹತ್ತಬೇಕು. ಗುಹೆಗಳು ಒಂದರ ಮೇಲೊಂದು ಎತ್ತರದಲ್ಲಿವೆ. ಒಂದನೇ ಗುಹೆ ಕೆಳಗೇ ಇದೆ, ಬೇಗ ಸಿಗುತ್ತದೆ. ಹದಿನೆಂಟು ಕೈಯ ಕುಣಿಯುವ ಶಿವ ಅಲ್ಲೇ, ಬಾಗಿಲಲ್ಲೇ. ಅಮ್ಮ ಅದೊಂದನ್ನು ನೋಡಿದರೂ ಬಂದದ್ದು ಸಾರ್ಥಕ. ಮಗನಿಗೆ ಕೈಗಳ ಜೋಡಿ ಕೂಡಿಸಿ ಎಷ್ಟು ಭಂಗಿ ಆಗುತ್ತವೆ ಅಂತ ಲೆಕ್ಕ ಹಾಕಲು ಹೇಳಿ, ಅರ್ಧ ಗಂಟೆ ಸುಮ್ಮನಿರುತ್ತಾನೆ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು, 81 ಅಂತ ಗೈಡ್‌ಗಳು ಹೇಳುತ್ತಾರೆ.

ಅಲ್ಲಿಂದ ಎರಡನೆಯದು, ಮೂರನೆಯದು ಮೇಲೆ ಮೇಲೆ. ಮೆಟ್ಟಿಲು ಎತ್ತರ, ಆದರೆ ಪ್ರತಿ ಗುಹೆ ಮುಂದೆ ಅಂಗಳ ಇದೆ, ಕೂತು ದಣಿವಾರಿಸಿಕೊಳ್ಳಬಹುದು. ಅಮ್ಮನಿಗೆ ಇನ್ನೂ ಶಕ್ತಿ ಇದ್ದರೆ ಮೂರನೆಯದು ಬಿಡಬೇಡಿ. ಆದಿಶೇಷನ ಮೇಲೆ ಕೂತ ವಿಷ್ಣು, ಮಲಗಿದ್ದಲ್ಲ, ಕೂತದ್ದು. ಆ ಕಂಬಗಳ ಮೇಲ್ಗಡೆ ಒರಗಿ ನಿಂತ ಗಂಡು ಹೆಣ್ಣಿನ ಜೋಡಿಗಳನ್ನು ನೋಡಿ. ತಲೆ ಎತ್ತಿ ಸೂರಿನಲ್ಲಿ ಹುಡುಕಿದರೆ ಮಾಸಿದ ಬಣ್ಣದ ಚಿತ್ರದ ಚೂರುಗಳೂ ಕಾಣುತ್ತವೆ. ನಾಲ್ಕನೆಯದು ಜೈನರದು. ಚಿಕ್ಕದು, ಶಾಂತ. ಅಲ್ಲಿಂದ ಕೆರೆ ಪೂರ್ತಿ ಕಾಣುತ್ತದೆ.

ಭೂತನಾಥ ಸಂಜೆಗೇ. ಗುಡಿ ಪಡುವಣಕ್ಕೆ, ಕೆರೆ ಕಡೆಗೆ ಮುಖ ಮಾಡಿದೆ. ಇಳಿಬಿಸಿಲು ನೀರಿನ ಮೇಲಿಂದ ನೇರ ಗುಡಿ ಮೇಲೆ ಬೀಳುತ್ತದೆ. ಮೊದಲೇ ಕೆಂಪು ಕಲ್ಲು, ಆ ಹೊತ್ತಿಗೆ ಕುಂಕುಮ ಎರಚಿದ ಹಾಗೆ ಆಗುತ್ತದೆ. ಒಳಗಿನ ಗರ್ಭಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ನೀರಿನ ಕಡೆ ಚಾಚಿದ ಹೊರ ಮಂಟಪ ಕಲ್ಯಾಣ ಚಾಲುಕ್ಯರು ಆಮೇಲೆ ಸೇರಿಸಿದ್ದು. ಹಿಂದೆ ಬಂಡೆಯಲ್ಲಿ ಅನಂತಶಯನ ಕೆತ್ತಿದ್ದಾರೆ, ಸುಮಾರು ಜನ ನೋಡದೇ ಬರುತ್ತಾರೆ.

ಅದೇ ದಾರಿಯಲ್ಲಿ ಈಶಾನ್ಯ ಮೂಲೆಗೆ ಮೆಟ್ಟಿಲು ಮೆಟ್ಟಿಲಾಗಿ ಶಿಖರ ಏರಿಸಿದ ಮಲ್ಲಿಕಾರ್ಜುನ ಗುಡಿಗಳ ಗುಂಪು ಸಿಗುತ್ತದೆ. ಅದೂ ಕಲ್ಯಾಣದವರ ಕಾಲದ್ದೇ.

ಹುಬ್ಬಳ್ಳಿ_ಮಂದಿ

ಒಬ್ಬರೂ ಮಂಗ್ಯಾನ ಸುದ್ದಿ ಹೇಳಲಿಲ್ಲವಲ್ರೀ! ಕೇಳಿ ಗೀತಾ ಮೇಡಂ. ಗುಹೆ ಹತ್ತಿರ ಮಂಗಗಳು ಬಾಳ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮುಗೀತು. ನನ್ನ ತಂಗಿ ಕೈಯಿಂದ ಚೀಲ ಕಸಿದುಕೊಂಡು ಗುಹೆ ಮೇಲೆ ಹೋಗಿ ಕೂತಿತು. ಚೀಲದಲ್ಲಿ ಇದ್ದದ್ದು ತಿನ್ನುವುದಲ್ಲ, ಬಿಪಿ ಮಾತ್ರೆ. ಮಂಗ್ಯಾ ಒಂದು ಪಟ್ಟಿ ಕಚ್ಚಿ ನೋಡಿ, ಉಗುಳಿ, ಉಳಿದದ್ದನ್ನು ಕೆಳಗೆ ಎಸೆಯಿತು. ಅಮ್ಮನ ಮಾತ್ರೆ, ಕನ್ನಡಕ ಎಲ್ಲ ಜಿಪ್ ಇರುವ ಬ್ಯಾಗಿನಲ್ಲಿ ಹಾಕಿ. ಬಾಳೆಹಣ್ಣು ಅಂತೂ ತರಲೇಬೇಡಿ.

ಇನ್ನೊಂದು. ಕಲ್ಲಿನ ನೆಲ ಹನ್ನೊಂದರ ಮೇಲೆ ಕಾದು ಹೆಂಚಾಗುತ್ತದೆ. ಡಿಸೆಂಬರ್ ಆದರೂ ಟೋಪಿ, ನೀರು ಇರಲಿ.

ನೀರುನೆಲ

ನಾನು ಹೋದ ವರ್ಷ ಹೋಗಿದ್ದೆ. ಜಾಗ ಅದ್ಭುತ. ಆದರೆ ಕೆರೆ ನೋಡಿ ಬೇಜಾರಾಯಿತು. ಮೆಟ್ಟಿಲ ತುಂಬಾ ಬಟ್ಟೆ ಒಗೆಯುವವರು, ಸೋಪಿನ ನೊರೆ, ತೇಲುವ ಶಾಂಪೂ ಪೊಟ್ಟಣ. ಸಾವಿರದ ನಾನೂರು ವರ್ಷದ ಸ್ಮಾರಕದ ನಡುವೆ ಇರುವ ಸಿಹಿನೀರಿನ ಕೆರೆ ಇದು. ಬಟ್ಟೆ ಒಗೆಯುವುದನ್ನು ಮೊದಲು ನಿಲ್ಲಿಸಬೇಕು. ಬೇರೆ ದೇಶದಲ್ಲಾಗಿದ್ದರೆ ಹತ್ತಿರ ಬಿಡುತ್ತಿದ್ದರಾ?

ಕೆರೆದಂಡೆ

ನೊರೆ ವಿಷಯ ಒಪ್ಪುತ್ತೇನೆ. ಪೊಟ್ಟಣದ ವಿಷಯ ಇನ್ನೂ ಜಾಸ್ತಿ ಒಪ್ಪುತ್ತೇನೆ, ಅದರಲ್ಲಿ ಅರ್ಧ ನೋಡಲು ಬಂದವರದು. ಆದರೆ "ನಿಲ್ಲಿಸಬೇಕು" ಅನ್ನುವುದು ನನಗೆ ಗಂಟಲಲ್ಲಿ ಇಳಿಯಲ್ಲ.

ನಮ್ಮವ್ವ ಆ ಮೆಟ್ಟಿಲ ಮೇಲೆ ಮೂವತ್ತು ವರ್ಷ ಬಟ್ಟೆ ಒಗೆದಳು. ನಳದಲ್ಲಿ ನೀರು ಬರುವ ದಿನಗಳೇ ಕಡಿಮೆ ಇದ್ದವು. ಬೆಳಗ್ಗೆ ಬಟ್ಟೆ ಬಡಿಯುವ ಸದ್ದು ಎದುರಿನ ಗುಡ್ಡಕ್ಕೆ ಬಡಿದು ವಾಪಸ್ ಬರುತ್ತದೆ. ಒಂದು ಸಲ ಬಡಿದರೆ ಎರಡು ಸಲ ಕೇಳುತ್ತದೆ. ಬಾದಾಮಿ ಅಂದರೆ ನನ್ನ ಕಿವಿಗೆ ಅದೇ. ಕೆರೆ ಕಟ್ಟಿದ್ದು ನೋಡೋಕಲ್ಲ ಸರ್, ನೀರಿಗೆ. ಸಾವಿರದ ನಾನೂರು ವರ್ಷ ಊರವರು ಇಳಿದು ಬಳಸಿದ್ದಕ್ಕೇ ಆ ಮೆಟ್ಟಿಲು ಸವೆದು ನುಣ್ಣಗಾದದ್ದು.

ನೀರುನೆಲ

ಅವ್ವನವರ ಕಾಲದಲ್ಲಿ ಶೀಗೆಕಾಯಿ, ಬೂದಿ, ಹೆಚ್ಚೆಂದರೆ ಬಾರ್ ಸೋಪು. ಈಗ ಡಿಟರ್ಜೆಂಟ್ ಪುಡಿ. ಅದರಲ್ಲಿ ಫಾಸ್ಫೇಟ್ ಇದ್ದರೆ ಪಾಚಿಗೆ ಗೊಬ್ಬರ ಹಾಕಿದ ಹಾಗೆ. ಇದು ಹರಿಯುವ ನೀರಲ್ಲ, ಮಳೆಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ಕುಗ್ಗುವ ನೀರು. ಒಳಗೆ ಬಿದ್ದದ್ದು ಒಳಗೇ. ಭಟ್ಟರು ಹೇಳಿದ "ಹಸಿರು ನೀರು" ಸುಮ್ನೆ ಬಂದದ್ದಲ್ಲ. ಜನರ ಮೇಲೆ ನನಗೆ ಕೋಪ ಇಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ.

ಕೆರೆದಂಡೆ

ಸರಿ, ಇದು ಮಾತು. ಹಾಗಾದರೆ ಒಡ್ಡಿನ ಕೆಳಗೆ ಒಗೆಯುವ ಕಟ್ಟೆ ಕಟ್ಟಲಿ, ಅಲ್ಲಿಗೆ ನೀರು ಕೊಡಲಿ, ಬಚ್ಚಲ ನೀರು ಕೆರೆಗೆ ವಾಪಸ್ ಹೋಗದ ಹಾಗೆ ಮಾಡಲಿ. ನಾವೇ ಹೋಗಿ ಅಲ್ಲಿ ಒಗೆಯುತ್ತೇವೆ. ಬರೀ "ಇಲ್ಲಿ ಒಗೆಯಬಾರದು" ಅಂತ ಬೋರ್ಡ್ ಹಾಕಿದರೆ ಬಟ್ಟೆ ಎಲ್ಲಿ ಒಯ್ಯಬೇಕು?

ನೀರುನೆಲ

ಒಗೆಯುವ ಕಟ್ಟೆಗೆ ನನ್ನದೂ ಒಂದು ವೋಟು.

ಹುಬ್ಬಳ್ಳಿ_ಮಂದಿ

ಇಬ್ಬರೂ ರಾಜಿ ಆದ್ರಲ್ಲ, ಇನ್ನು ಊಟದ ಸುದ್ದಿಗೆ ಬರೋಣ. ಬನಶಂಕರಿಗೆ ಹೋಗ್ತೀರೋ ಇಲ್ವೋ? ಊರಿಂದ ಐದು ಕಿ.ಮೀ., ಮೆಟ್ಟಿಲ ಕಾಟ ಇಲ್ಲ. ಗುಡಿ ಎದುರು ದೊಡ್ಡ ಹೊಂಡ, ಸುತ್ತ ಕಲ್ಲಿನ ಕೈಸಾಲೆ. ಅಲ್ಲಿ ಬುಟ್ಟಿ ಹೊತ್ತು ಅವ್ವಂದಿರು ಬರುತ್ತಾರೆ. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು. ಮರದ ನೆರಳಲ್ಲಿ ಕೂರಿಸಿ ಬಡಿಸುತ್ತಾರೆ. ಹೋಟೆಲ್ ಪಕ್ಕಕ್ಕೆ ಇಡಿ.

ಕೆರೆದಂಡೆ

ಡಿಸೆಂಬರ್ ಮೊದಲ ವಾರ ಅಂದದ್ದು ಒಳ್ಳೇದಾಯಿತು. ಪುಷ್ಯ ಮಾಸದಲ್ಲಿ, ಸಾಮಾನ್ಯವಾಗಿ ಜನವರಿಯಲ್ಲಿ, ಬನಶಂಕರಿ ಜಾತ್ರೆ. ಬನದ ಹುಣ್ಣಿಮೆಗೆ ತೇರು. ನಾಟಕ ಕಂಪನಿಗಳು ಟೆಂಟ್ ಹಾಕಿ ರಾತ್ರಿಯೆಲ್ಲ ಆಟ ಆಡುತ್ತವೆ. ನೋಡಬೇಕಾದ್ದೇ, ಆದರೆ ಆಗ ಬಾದಾಮಿಯಲ್ಲಿ ರೂಮು ಸಿಗುವುದು ಕಷ್ಟ, ಅಮ್ಮನನ್ನು ಕರೆದುಕೊಂಡು ಆ ನೂಕುನುಗ್ಗಲು ಬೇಡ.

ಮ್ಯೂಸಿಯಂಗೆ ಶುಕ್ರವಾರ ರಜೆ. ನೀವು ಶನಿವಾರ ಇಳಿಯುವುದರಿಂದ ಚಿಂತೆ ಇಲ್ಲ. ಒಳಗೆ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿ ಇದ್ದಾಳೆ. ತಲೆಯ ಜಾಗದಲ್ಲಿ ತಾವರೆ, ಮಗು ಹೆರುವ ಭಂಗಿ. ಅಮ್ಮನಿಗೆ ಖಂಡಿತ ತೋರಿಸಿ. ಮ್ಯೂಸಿಯಂ ಪಕ್ಕದಿಂದಲೇ ಬಡಗಣ ಕೋಟೆಗೆ ದಾರಿ. ಎರಡು ಬಂಡೆಗಳ ನಡುವೆ ಸಂದಿಯಲ್ಲಿ ನುಸುಳಿಕೊಂಡು ಹತ್ತಬೇಕು, ಮಗನಿಗೆ ಹಬ್ಬ. ಮೇಲೆ ಮೇಲಿನ ಶಿವಾಲಯ. ಅದರ ಗೋಡೆಯಲ್ಲಿ ಕೃಷ್ಣ ಗೋವರ್ಧನ ಎತ್ತಿದ್ದನ್ನು ಹುಡುಕಲು ಹೇಳಿ. ಆ ಹೊತ್ತಿಗೆ ಅಮ್ಮ ಕೆಳಗೆ ಕೆರೆ ಮೆಟ್ಟಿಲ ಮೇಲೆ ಕೂತಿರಲಿ. ಮಾತಾಡಿಸಲು ಯಾರಾದರೂ ಇದ್ದೇ ಇರುತ್ತಾರೆ. ಎದುರಿನ ತೆಂಕಣ ಕೋಟೆಗೆ ಹತ್ತುವ ದಾರಿಗೆ ಬೀಗ ಹಾಕಿ ವರ್ಷಗಳೇ ಆದವು, ಅದನ್ನು ಮರೆತುಬಿಡಿ.

ಶಾಸನಹುಚ್ಚ

ಕೆರೆಯ ಈಶಾನ್ಯಕ್ಕೆ ತಟ್ಟುಕೋಟಿ ಕಡೆ ಬಂಡೆ ಮೇಲೆ ಕಪ್ಪೆ ಅರಭಟ್ಟನ ಶಾಸನ ಇದೆ. ಸುಮಾರು ಕ್ರಿ.ಶ. 700. ಕನ್ನಡದ ತ್ರಿಪದಿ ಮೊದಲು ಸಿಗುವುದು ಇಲ್ಲೇ. "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಶುರುವಾಗುವ ಸಾಲು. ಒಳ್ಳೆಯವನಿಗೆ ಒಳ್ಳೆಯವನು, ಸಿಹಿಯಾದವನಿಗೆ ಸಿಹಿ, ತೊಂದರೆ ಕೊಟ್ಟವನಿಗೆ ಕಲಿಯುಗಕ್ಕೂ ಮೀರಿದವನು. ಮಗ ಶಾಲೆಯಲ್ಲಿ ಸರ್ವಜ್ಞನ ತ್ರಿಪದಿ ಓದಿರುತ್ತಾನೆ ಅಲ್ವಾ? ಅದೇ ಮೂರು ಸಾಲಿನ ಧಾಟಿ ಇಷ್ಟು ಹಿಂದೆಯೇ ಈ ಬಂಡೆ ಮೇಲಿತ್ತು ಅಂತ ತೋರಿಸಿ. ಬಂಡೆ ಸ್ವಲ್ಪ ಎತ್ತರದಲ್ಲಿದೆ, ಸ್ಥಳೀಯರನ್ನು ಜೊತೆಗೆ ಕರೆದುಕೊಳ್ಳಿ.

ಊರ ನಡುವೆ ಇನ್ನೊಂದು ಶಾಸನ ಇದೆ, ಅದು ನಮ್ಮವರದಲ್ಲ, ಗೆದ್ದವರದು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿ ಹಿಡಿದಾಗ ಬಂಡೆ ಮೇಲೆ ಬರೆಸಿದ್ದು. "ವಾತಾಪಿಕೊಂಡ" ಅಂತ ಬಿರುದು ಹಾಕಿಕೊಂಡ. ಹನ್ನೆರಡು ಹದಿಮೂರು ವರ್ಷ ಊರು ಅವರ ಕೈಯಲ್ಲಿತ್ತು. ಆಮೇಲೆ ಇಮ್ಮಡಿ ಪುಲಕೇಶಿಯ ಮಗ ವಿಕ್ರಮಾದಿತ್ಯ ವಾಪಸ್ ಗೆದ್ದ. ನನಗೆ ಹಿಡಿಸಿದ್ದು, ವಾಪಸ್ ಗೆದ್ದ ಮೇಲೂ ಆ ಬರಹ ಉಳಿದದ್ದು. ಅಳಿಸಿ ಹಾಕುವುದು ದೊಡ್ಡ ಕೆಲಸ ಏನಲ್ಲ, ಉಳಿ ಸುತ್ತಿಗೆ ಹಿಡಿಯುವ ಜನ ಊರ ತುಂಬ ಇದ್ದರು.

ಸುಮ್ನೆ_ಓದೋಳು

ಆ ಯುದ್ಧದಲ್ಲೇ ಅಲ್ವಾ ವಾತಾಪಿ ಗಣಪತಿಯನ್ನು ತಮಿಳುನಾಡಿಗೆ ಒಯ್ದದ್ದು?

ಶಾಸನಹುಚ್ಚ

ಪಲ್ಲವರ ದಂಡನಾಯಕ ಪರಂಜ್ಯೋತಿ ತಿರುಚೆಂಗಾಟ್ಟಂಗುಡಿಗೆ ಒಯ್ದ ಅನ್ನುವುದು ಜನ ಹೇಳುವ ಕತೆ. ಆ ಕಾಲದ ಶಾಸನಗಳಲ್ಲಿ ಇದರ ಸುಳಿವಿಲ್ಲ. ಕತೆಯಾಗಿ ಕೇಳಲು ಚೆನ್ನ, ಅದಕ್ಕೇ ಜಗಳಕ್ಕೆ ನಿಲ್ಲುವುದು ಬೇಡ.

ಬ್ಯಾಕ್‌ಪ್ಯಾಕ್_ಭಟ್ಟ

ನೀವೆಲ್ಲ ಸೇರಿ ನನ್ನನ್ನು ಮೂರನೇ ಸಲ ಕಳಿಸುವ ಹಾಗೆ ಕಾಣುತ್ತದೆ. ಆದರೂ ಗೀತಾ ಅವರೇ, ಭಾನುವಾರ ಬೆಳಗ್ಗೆ ಪಟ್ಟದಕಲ್ಲು ನೋಡಿ. ಅದು ಸಮತಟ್ಟು, ಹುಲ್ಲುಹಾಸು, ಅಮ್ಮನಿಗೆ ಸುಲಭ. ಐಹೊಳೆ ಬಿಟ್ಟರೆ ನಾನು ಬೈಯುವುದಿಲ್ಲ.

ಕೆರೆದಂಡೆ

ಇದಕ್ಕೆ ನನ್ನ ತಕರಾರಿಲ್ಲ. ಹೋಗುವ ದಾರಿಯಲ್ಲೇ ಸ್ವಲ್ಪ ತಿರುಗಿಕೊಂಡರೆ ಮಹಾಕೂಟ. ಊಟೆ ನೀರಿನ ಪುಷ್ಕರಣಿ, ವರ್ಷವಿಡೀ ತಿಳಿ. ನಮ್ಮ ಕೆರೆ ನೀರು ನೋಡಿ ಬೇಜಾರಾದವರು ಅಲ್ಲಿ ಕಾಲು ಇಳಿಬಿಟ್ಟು ಕೂರಬಹುದು, ನೀರುನೆಲ ಸರ್.

ಗೀತಾ_ಗಿರಿನಗರ

ಹೋಗಿ ಬಂದೆವು! ಹೇಳದೇ ಇದ್ದರೆ ಸರಿಯಲ್ಲ, ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ.

ಶನಿವಾರ ಬೆಳಗ್ಗೆ ಗುಹೆ. ಅಮ್ಮ ಒಂದನೆಯದಕ್ಕೆ ಹತ್ತಿದರು. "ಇನ್ನೊಂದು ನೋಡ್ತೀನಿ" ಅಂದರು. ಎರಡನೆಯದರಲ್ಲಿ ಕೂತು ಕಾಫಿ ಫ್ಲಾಸ್ಕ್ ಖಾಲಿ ಮಾಡಿ "ಇಷ್ಟು ಬಂದು ಅದೊಂದು ಬಿಡೋದಾ" ಅಂದರು. ಒಟ್ಟಿನಲ್ಲಿ ಮೂರನೇ ಗುಹೆಗೆ ಬಂದರು! ಇಳಿಯುವಾಗ ಮಾತ್ರ ತುಂಬಾ ಕಷ್ಟಪಟ್ಟರು. ಹತ್ತುವುದಕ್ಕಿಂತ ಇಳಿಯುವುದೇ ಮಂಡಿಗೆ ಜಾಸ್ತಿ. ಮುಂದೆ ಹೋಗುವವರು ನೆನಪಿಟ್ಟುಕೊಳ್ಳಿ. ನಾನು ಒಂದು ಕೈ, ಮಗ ಒಂದು ಕೈ ಹಿಡಿದು ಇಳಿಸಿದೆವು. ಕಾವಲಿನ ಒಬ್ಬರು ತಮ್ಮ ಕೋಲನ್ನೇ ಕೊಟ್ಟರು, ಕೆಳಗೆ ಬಂದ ಮೇಲೆ ವಾಪಸ್ ಕೊಟ್ಟೆವು.

ಮಂಗ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಪಕ್ಕದ ಕುಟುಂಬದವರ ಚಿಪ್ಸ್ ಪೊಟ್ಟಣ ಹೋಯಿತು.

ಮಧ್ಯಾಹ್ನ ಬನಶಂಕರಿ. ರೊಟ್ಟಿ ಅವ್ವನ ಬಗ್ಗೆ ಬರೆದರೆ ಇನ್ನೊಂದು ಪುಟ ಆಗುತ್ತದೆ. ನಮ್ಮೆಜಮಾನ್ರು ನಾಲ್ಕು ರೊಟ್ಟಿ ತಿಂದರು. ಮನೆಯಲ್ಲಿ ಎರಡೇ ಚಪಾತಿಗೆ ಸಾಕು ಅನ್ನುವ ಮನುಷ್ಯ.

ಸಂಜೆ ಮ್ಯೂಸಿಯಂ, ಆಮೇಲೆ ಕೆರೆ ದಂಡೆ. ನಾವು ಮೂವರು ಕೋಟೆ ಹತ್ತಿದೆವು, ಅಮ್ಮ ಮೆಟ್ಟಿಲ ಮೇಲೆ ಕೂತರು. ಮೇಲಿಂದ ನೋಡಿದರೆ ಕೆರೆದಂಡೆ ಅವರು ಹೇಳಿದ ಲಾಳ ಸರಿಯಾಗಿ ಕಾಣುತ್ತದೆ. ಮಗ ಕೇಳಿದ, "ಒಡ್ಡು ಒಡೆದರೆ ಊರೆಲ್ಲ ಮುಳುಗಲ್ವಾ?" ಅಂತ. ಉತ್ತರ ಹೊಳೆಯಲಿಲ್ಲ. ಬಟ್ಟೆ ಬಡಿಯುವ ಸದ್ದು ನಿಜವಾಗಲೂ ಎರಡು ಸಲ ಕೇಳುತ್ತದೆ. ಅವನು ಅಲ್ಲೇ ನಿಂತು ಎಣಿಸಿ ನೋಡಿದ.

ಇಳಿದು ಬಂದಾಗ ಅಮ್ಮ ಒಬ್ಬ ಹೆಂಗಸಿನ ಜೊತೆ ಮಾತಾಡುತ್ತಾ ಕೂತಿದ್ದರು. ಆಕೆಯ ಒಗೆದ ಬಟ್ಟೆಯ ಬುಟ್ಟಿ ಪಕ್ಕದಲ್ಲಿ. ಅರ್ಧ ಗಂಟೆಯಲ್ಲಿ ಆಕೆಯ ಮಗಳ ಮದುವೆ, ಅಳಿಯನ ಕೆಲಸ, ಗುಳೇದಗುಡ್ಡದ ಖಣ ಎಲ್ಲಿ ಸೋವಿ ಸಿಗುತ್ತದೆ, ಎಲ್ಲ ಅಮ್ಮನಿಗೆ ಗೊತ್ತಾಗಿತ್ತು. ಸೋಪಿನ ಪುಡಿ ಬಗ್ಗೆಯೂ ಮಾತಾಯಿತಂತೆ. ಆಕೆ ಹೇಳಿದ್ದು: "ನಮಗೂ ಕೆರಿ ಹಸಿರಾಗೋದು ಕಾಣ್ತದ ಅಮ್ಮಾರೇ, ಮನ್ಯಾಗ ನೀರ್ ಬಂದ್ರ ಇಲ್ಲಿಗೆ ಯಾಕ ಹೊತ್ಕೊಂಡ್ ಬರ್ತೀವಿ?" ಕೆರೆದಂಡೆ, ನೀರುನೆಲ ಇಬ್ಬರಿಗೂ ಇದನ್ನು ತಲುಪಿಸುತ್ತಿದ್ದೇನೆ.

ಭೂತನಾಥದಲ್ಲಿ ಕತ್ತಲಾಗುವವರೆಗೆ ಕೂತಿದ್ದೆವು. ಫೋಟೋ ಬೇಕಾದಷ್ಟಿವೆ, ಆ ಕುಂಕುಮದ ಬಣ್ಣ ಒಂದರಲ್ಲೂ ಬಂದಿಲ್ಲ. ಕಪ್ಪೆ ಅರಭಟ್ಟನ ಬಂಡೆಗೆ ಹೋಗಲು ಹೊತ್ತು ಸಾಲಲಿಲ್ಲ, ಕ್ಷಮಿಸಿ. ಭಾನುವಾರ ಪಟ್ಟದಕಲ್ಲು, ಮಹಾಕೂಟ ಎರಡೂ ಆಯಿತು. ಐಹೊಳೆ ಬಿಟ್ಟೆವು, ಭಟ್ಟರು ಬೈಯಬಾರದು.

ಶಾಸನಹುಚ್ಚ ಅವರಿಗೆ ಒಂದು ಪ್ರಶ್ನೆ ಇದೆ, ನನ್ನದಲ್ಲ, ಅಮ್ಮನದು. ಅಮ್ಮ ದಿನಾ ಬೆಳಗ್ಗೆ ದೇವರಿಗೆ ಹೂ ಕಟ್ಟುತ್ತಾರೆ. ಮೂರನೇ ಗುಹೆ ಹತ್ತಿರ ನೀವು ಬರೆದಿದ್ದನ್ನು ಮೊಬೈಲಲ್ಲಿ ಓದಿ ಹೇಳಿದೆ. ಕಲ್ಮನೆ, ನರಕದ ಹುಳು ಎಲ್ಲ ಕೇಳಿ ನಕ್ಕರು. ಹೂ ಕಟ್ಟುವವರ ವಿಷಯ ಬಂದಾಗ ಮಾತ್ರ ಸುಮ್ಮನಾದರು. ರೈಲಲ್ಲಿ ರಾತ್ರಿ ಎಬ್ಬಿಸಿ ಕೇಳುತ್ತಾರೆ, "ಅರ್ಧ ವೀಸ ಅಂದ್ರೆ ಎಷ್ಟಾಯ್ತೇ?"

ಶಾಸನಹುಚ್ಚ

ಅಮ್ಮನವರಿಗೆ ನನ್ನ ನಮಸ್ಕಾರ ಹೇಳಿ. ವೀಸ ಅಂದರೆ ಹದಿನಾರರಲ್ಲಿ ಒಂದು ಪಾಲು. ಅರ್ಧ ವೀಸ ಅಂದರೆ ಮೂವತ್ತೆರಡರಲ್ಲಿ ಒಂದು.

ಗೀತಾ_ಗಿರಿನಗರ

ಹೇಳಿದೆ. "ಕಡಿಮೆ ಆಯ್ತು" ಅಂದರು.